ಎಂಟು ಮನೆಯ ಪಾಲು, ಒಂದು ಸ್ಟೇಕು

ಸೌಟು ಹಿಡಿದು ನೌಕರಿಗೆ ಸೇರಿದೆ, ಸೌಟು ಇಟ್ಟು ನಿವೃತ್ತನಾದೆ. ನಡುವೆ ಬಡ್ತಿ ಏನಾದರೂ ಸಿಕ್ಕಿತೇ ಎಂದು ಯಾರಾದರೂ ಕೇಳಿದರೆ ನನ್ನ ಹೆಂಡತಿ ಗಂಗವ್ವ ಸೆರಗು ಬಾಯಿಗೆ ಹಿಡಿದು ನಗುತ್ತಾಳೆ. ಸರ್ಕಾರಿ ಪ್ರವಾಸಿ ಮಂದಿರದ ಅಡುಗೆಯವನಿಗೆ ಬಡ್ತಿ ಅಂದರೆ ವರ್ಗ: ಇಂಡಿಯಿಂದ ಸಿಂದಗಿ, ಸಿಂದಗಿಯಿಂದ ಬಸವನ ಬಾಗೇವಾಡಿ, ಅಲ್ಲಿಂದ ಮುದ್ದೇಬಿಹಾಳ. ಒಲೆ ಬದಲಾಯಿತು, ಹೊಗೆ ಬದಲಾಗಲಿಲ್ಲ. ಆದರೂ ಹೇಳುತ್ತೇನೆ, ಈ ಕೆಲಸ ಮಾಡಿದ್ದಕ್ಕೆ ನನಗೆ ಒಂದು ದಿನವೂ ಬೇಜಾರಿಲ್ಲ. ಚಲೋ ಉಣ್ಣಿಸಿದೆ, ಚಲೋ ಉಂಡೆ.

ಈಗ ಅಡುಗೆ ಕಲಿಸುವುದಕ್ಕೂ ಕಾಲೇಜುಗಳು ಬಂದಿವೆ. ಬಿಳಿ ಟೊಪ್ಪಿಗೆ ಹಾಕಿಕೊಂಡ ಹುಡುಗ ಹುಡುಗಿಯರು ಹೆದ್ದಾರಿಯ ಹೋಟೆಲುಗಳಿಗೆ ಕೆಲಸಕ್ಕೆ ಸೇರುವುದನ್ನು ನೋಡಿದರೆ ನನಗೆ ಖುಷಿ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಹೇಗೆ ಬೇಯಿಸಬೇಕೆಂದು ನಿಮಗೆ ಮೊಬೈಲು ಹೇಳುತ್ತದೆ. ಎಂಥ ಮಾಂಸ ತರಬೇಕು, ಎಲ್ಲಿಂದ ತರಬೇಕು, ಸಿಗದಿದ್ದರೆ ಮುಖ ಹೇಗೆ ಇಟ್ಟುಕೊಳ್ಳಬೇಕು ಅನ್ನುವುದನ್ನು ಅದು ಹೇಳುವುದಿಲ್ಲ.

ನಾನು ಇಂಡಿಯಲ್ಲಿ ಕೆಲಸಕ್ಕೆ ಸೇರಿದಾಗ ಅಲ್ಲಿನ ಹಿರಿಯ ಅಡುಗೆಯವರು ಖಾದರ್ ಚಾಚಾ. ಮಾತು ಕಡಿಮೆ, ಬೈಗುಳ ಜಾಸ್ತಿ. ಒಮ್ಮೆ ಅವರು ರಜೆಯ ಮೇಲೆ ಹೋದಾಗ ದೂರದಿಂದ ಬಂದ ಸಾಹೇಬರೊಬ್ಬರು, "ರಾತ್ರಿಗೆ ಮಟನ್ ಸ್ಟೇಕ್ ಮಾಡಪ್ಪ" ಅಂದರು. ಅದು ಏನೆಂದು ನನಗೆ ಅವರೇ ಬಿಡಿಸಿ ಹೇಳಿದರು: ತೊಡೆಯ ಮಾಂಸವನ್ನು ಅಡ್ಡಲಾಗಿ, ಎರಡು ಬೆರಳು ದಪ್ಪದ ಬಿಲ್ಲೆಯಾಗಿ ಕೊಯ್ದು, ಕಾದ ಕಬ್ಬಿಣದ ಮೇಲೆ ಎರಡೂ ಮಗ್ಗುಲು ಸುಡುವುದು, ಒಳಗೆ ರಸ ಉಳಿಯಬೇಕು. ಇಷ್ಟೇನಾ ಅಂದುಕೊಂಡೆ. ಪೇಟೆಗೆ ಹೋದೆ, ಕಂಡ ಮೊದಲ ತೊಡೆ ತಂದೆ, ಸುಟ್ಟೆ. ಸಾಹೇಬರು ಅಗಿದರು. ನಾನು ನೀರು ತಂದಿಟ್ಟೆ, ಅವರು ಅಗಿಯುತ್ತಲೇ ಇದ್ದರು. ಕೊನೆಗೆ ತಾಟು ಸರಿಸಿ, "ಇನ್ನೊಂದು ಕಾಲಿಂದು ಎಲ್ಲೈತಪ್ಪ? ಜೋಡು ಆದ್ರ ಮೆಟ್ಕೊಂಡು ಹೋಗ್ತಿದ್ದೆ" ಅಂದರು. ಅಷ್ಟು ನಕ್ಕ ಸಾಹೇಬರನ್ನು ಆಮೇಲೆ ನಾನು ನೋಡಲಿಲ್ಲ.

ಚಾಚಾ ರಜೆಯಿಂದ ಬಂದು ವಿಷಯ ಕೇಳಿದವರೇ ನನ್ನ ಕಿವಿ ಹಿಡಿದು ಪೇಟೆಗೆ ಎಳೆದುಕೊಂಡು ಹೋದರು. "ಸ್ಟೇಕ್ ಒಲಿ ಮ್ಯಾಲ ಆಗೂದಿಲ್ಲೋ ಹುಚ್ಚಪ್ಪಾ, ಪ್ಯಾಟ್ಯಾಗ ಆಗ್ತೈತಿ" ಅಂದರು. ಅವತ್ತು ಕಲಿತದ್ದು ಇವತ್ತಿಗೂ ನನ್ನ ಜೊತೆಗಿದೆ. ಎರಡು ಹಲ್ಲಿನ ಟಗರು ಬೇಕು. ಹಾಲು ಹಲ್ಲಿನದಕ್ಕೆ ರುಚಿ ಕೂಡಿರುವುದಿಲ್ಲ, ಬಾಯಿ ತುಂಬಾ ಹಲ್ಲಿನದನ್ನು ಕುದಿಸಿ ಸಾರು ಮಾಡಬೇಕು. ಕೊಬ್ಬು ಬೆಳ್ಳಗಿರಬೇಕು, ಹಳದಿಯಾದರೆ ವಯಸ್ಸಾಗಿದೆ. ಕೀಲಿನ ಎಲುಬು ಕೆಂಪಗಿದ್ದರೆ ಎಳೆಯದು. ಬೆರಳಲ್ಲಿ ಒತ್ತಿದರೆ ಗುಳಿ ತುಂಬಿಕೊಳ್ಳಬೇಕು. ಇಷ್ಟು ನೋಡಿ ತಂದ ಮೇಲೂ ಅವಸರ ಮಾಡಬಾರದು.

ಈ ಅವಸರದ ವಿಷಯದಲ್ಲಿ ಸಿಂದಗಿಯ ಒಬ್ಬ ಮೇಲಧಿಕಾರಿಯ ಕಥೆ ಹೇಳಬೇಕು. ಅವರಿಗೆ ಎಲ್ಲವೂ ತಾಜಾ ಬೇಕು. "ನನ್ನ ಕಣ್ಣ ಮುಂದ ಕೊಯ್ಯಬೇಕು, ಕೊಯ್ದದ್ದು ಹಂಗ ಒಲಿ ಮ್ಯಾಲ ಹೋಗಬೇಕು" ಅನ್ನುವವರು. ಕೊಯ್ದ ಮೇಲೆ ಮಾಂಸ ಬಿಗಿಯುತ್ತದೆ, ಒದ್ದೆ ಅರಿವೆ ಸುತ್ತಿ ತಂಪಿನಲ್ಲಿ ಬಿಟ್ಟರೆ ಆ ಬಿಗಿ ಬಿಡುತ್ತದೆ, ಆಮೇಲೆ ಸುಡಬೇಕು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಅವರ ಕಣ್ಣ ಮುಂದೆಯೇ ಕೊಯ್ಯಿಸಿ, ಅವರ ಕಣ್ಣ ಮುಂದೆಯೇ ಸುಟ್ಟು, ಅವರ ಮುಂದಿಟ್ಟೆ. ಅವರೂ ಅಗಿದರು. ಮರುದಿನ ಮುಂಜಾನೆ ಅಡುಗೆ ಮನೆಗೆ ಬಂದು, "ಆ ಒದ್ದಿ ಅರಬಿ ಎಲ್ಲೈತಿ?" ಎಂದು ಕೇಳಿದರು. ಒಳ್ಳೆಯ ಮನುಷ್ಯ, ಸೋತದ್ದನ್ನು ಒಪ್ಪಿಕೊಳ್ಳುತ್ತಿದ್ದರು.

ಹೀಗೆ ಊರೂರಿನಲ್ಲಿ ಎಷ್ಟು ಸ್ಟೇಕು ಸುಟ್ಟೆನೋ ನೆನಪಿಲ್ಲ. ಕಟ್ಟಿಗೆ ಹೋಗಿ ಗ್ಯಾಸು ಬಂತು, ಒದ್ದೆ ಅರಿವೆ ಹೋಗಿ ಫ್ರಿಜ್ಜು ಬಂತು, ಎಲ್ಲರ ತಾಟಿಗೂ ಬಾಯ್ಲರ್ ಕೋಳಿ ಬಂತು. ನನಗೆ ಫ್ರಿಜ್ಜು ಸೇರಿತು, ಬಾಯ್ಲರ್ ಸೇರಲಿಲ್ಲ. ಆದರೆ ಜೀವಮಾನದ ಸ್ಟೇಕನ್ನು ನಾನು ಸರ್ಕಾರದ ಒಲೆಯ ಮೇಲೆ ಮಾಡಲಿಲ್ಲ. ಮುದ್ದೇಬಿಹಾಳದ ನಮ್ಮ ಓಣಿಯ ಮನೆಯಲ್ಲಿ, ಗಂಗವ್ವನ ರೊಟ್ಟಿ ಹಂಚಿನ ಮೇಲೆ ಮಾಡಿದೆ. ಆ ಕಥೆಯನ್ನು ಪೂರ್ತಿ ಹೇಳಿದರೆ ನಿಮಗೆ ಉಳಿದದ್ದೆಲ್ಲ ಕಲಿಸಿದ ಹಾಗೆ.

ನಿವೃತ್ತಿಗೆ ಇನ್ನು ಸ್ವಲ್ಪವೇ ಕಾಲವಿತ್ತು. ನನ್ನ ಮಗಳು ಸುನಂದಾ ಆಸ್ಪತ್ರೆಯಲ್ಲಿ ನರ್ಸು. ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಪ್ರಕಾಶ ಎಂಬ ಹುಡುಗನನ್ನು ಮೆಚ್ಚಿದಳು. ಹುಡುಗ ಚಡಚಣದವನು, ಮೃದು ಸ್ವಭಾವ. ಅವನಪ್ಪ ಅಂಬಣ್ಣ ಮಿಲಿಟರಿಯಲ್ಲಿ ಸುಭೇದಾರರಾಗಿ ನಿವೃತ್ತರಾದವರು. ಮಿಲಿಟರಿಯಲ್ಲಿ ಏನು ಕೆಲಸ ಗೊತ್ತೇ? ಅಧಿಕಾರಿಗಳ ಮೆಸ್ಸಿನ ಅಡುಗೆ. ಅಂದರೆ ನನ್ನ ಕಸುಬಿನವರೇ. ಒಂದೇ ಕಸುಬಿನ ಇಬ್ಬರು ಬೀಗರಾಗುವುದೆಂದರೆ ಒಂದೇ ಒಲೆಗೆ ಎರಡು ಊದುಗೊಳವೆ.

ಮೊದಲ ಸಲ ನಮ್ಮ ಮನೆಗೆ ಬಂದಾಗ ಪದ್ಧತಿಯಂತೆ ಹೋಳಿಗೆ ಊಟ ಹಾಕಿದೆವು. ಸುಭೇದಾರರು ಮೀಸೆಗೆ ತುಪ್ಪ ಹತ್ತದಂತೆ ಅಚ್ಚುಕಟ್ಟಾಗಿ ಉಂಡರು. ಉಂಡು ಕೈ ತೊಳೆದು, "ಸಿಹಿ ಎಲ್ಲಾರ ಮನ್ಯಾಗೂ ಆಗ್ತೈತಿ" ಅಂದರು.

"ಅಂದ್ರ?" ಅಂದೆ.

"ನನ್ನ ತಂಗಿ ಮಗಳನ್ನ ತಂದ್ಕೋಬೇಕು ಅಂತ ನಮ್ಮ ಮನ್ಯಾಗ ಮೊದಲಿಂದ ಮಾತೈತಿ. ಮಗ ನಿಮ್ಮ ಹುಡುಗಿಗೆ ಹೂಂ ಅಂದಾನ. ನಾ ಇನ್ನೂ ಅಂದಿಲ್ಲ. ನೀವೂ ಅಡಗಿಯವರು, ನಾನೂ ಅಡಗಿಯವ. ಸಂಕ್ರಮಣದ ಕರಿ ದಿನ ಬರ್ತೇನಿ. ಒಂದ ಸ್ಟೇಕ್ ತಿನ್ನಿಸ್ರಿ. ತಿಂದು ಹೇಳ್ತೇನಿ."

ಹಬ್ಬದ ಮರುದಿನ ಕರಿ. ಆ ದಿನ ನಮ್ಮ ಕಡೆ ಮಾಂಸದಡುಗೆ ಆಗಲೇಬೇಕು. ಸುನಂದಾ ಒಳಗಿನಿಂದ ಕೇಳಿಸಿಕೊಂಡವಳು ಬಾಗಿಲಿಗೆ ಬಂದು, "ಮಾಮಾ, ಮದಿವಿ ನಂದೋ, ಟಗರಿಂದೋ?" ಎಂದು ಕೇಳಿಯೇಬಿಟ್ಟಳು. ಪ್ರಕಾಶ ತಲೆ ತಗ್ಗಿಸಿದ. ಸುಭೇದಾರರು ಮೀಸೆಯಲ್ಲೇ ನಕ್ಕರೋ ಇಲ್ಲವೋ ತಿಳಿಯಲಿಲ್ಲ. ಅವರು ಹೋದ ಮೇಲೆ ಮಗಳು ನನ್ನ ಪಕ್ಕ ಕುಳಿತು, "ಅಪ್ಪಾ, ಪ್ರಕಾಶ ಅವರಪ್ಪನ್ನ ನೋಯಿಸಿ ಬರಾಂವ ಅಲ್ಲ. ನಾನೂ ಹಂಗ ಕರಿಯಾಂಗಿಲ್ಲ. ಅವರು ಹೂಂ ಅನ್ನಬೇಕು" ಅಂದಳು. ಅವಳ ದನಿ ಸಣ್ಣಗಾಗಿತ್ತು. ಅವತ್ತೇ ನಿರ್ಧಾರ ಮಾಡಿದೆ, ಈ ಸ್ಟೇಕಿಗೆ ಜಿಲ್ಲೆಯಲ್ಲೇ ಒಳ್ಳೆಯ ತೊಡೆ ತರುತ್ತೇನೆಂದು.

ಹಬ್ಬ ಹತ್ತಿರ ಬಂದಾಗ ರಜೆ ಹಾಕಿ ಬಸ್ಸು ಹತ್ತಿದೆ. ಮೊದಲು ಇಂಡಿ. ಖಾದರ್ ಚಾಚಾ ಈಗಿಲ್ಲ, ಅವರ ಮಗ ಇಮಾಮ ಮಾಂಸದ ಅಂಗಡಿ ಇಟ್ಟಿದ್ದಾನೆ. ಚಹಾ ತರಿಸಿದ, ತೂಗುಹಾಕಿದ ತೊಡೆ ಇಳಿಸಿ ತೋರಿಸಿದ. ನಾನು ಕೊಬ್ಬಿನ ಬಣ್ಣ ನೋಡಿ ಅವನ ಮುಖ ನೋಡಿದೆ. ಅವನೇ ನಕ್ಕುಬಿಟ್ಟ. "ನಿಮಗ ಸುಳ್ಳ ಹೇಳಾಕ ಆಗ್ತೈತೇನ್ರಿ? ಇದು ನಾಕ ಸೂಲ ಕಂಡ ಮುದುಕಿ. ಹಬ್ಬದ ಮುಂದ ಎಳೇ ಮಾಲು ಎಲ್ಲಾ ಹಳ್ಳಿ ಪಾಲಿಗೆ ಹೋಗ್ಯಾವ" ಅಂದ.

ಸಿಂದಗಿಯ ಸಂತೆಯಲ್ಲಿ ಒಂದು ಟಗರು ಕಣ್ಣಿಗೆ ಬಿತ್ತು. ಹೊಟ್ಟೆ ದುಂಡಗೆ, ನಡಿಗೆ ಗತ್ತಿನದು. ತೊಡೆ ಮುಟ್ಟಿದರೆ ಮಾಂಸವೇ ಇಲ್ಲ. ಮಾರುವವನು ಉಪ್ಪು ತಿನ್ನಿಸಿ, ಮೇಲೆ ನೀರು ಕುಡಿಸಿ ನಿಲ್ಲಿಸಿದ್ದ. ನಾನು ಹೊಟ್ಟೆ ತಟ್ಟಿದೆ, ಟಗರು ಅಲ್ಲೇ ಕಾಲುವೆ ಬಿಟ್ಟಿತು. ಸುತ್ತ ನಿಂತವರೆಲ್ಲ ನಕ್ಕರು, ಮಾರುವವನೂ ನಕ್ಕ. "ಈಗ ತೂಕ ಬರೋಬ್ಬರಿ ಆತು, ತಗೋರಿ" ಅಂದ. ಮಾತಿಗೆ ಸೋತೆ, ಟಗರಿಗೆ ಸೋಲಲಿಲ್ಲ.

ಬಸವನ ಬಾಗೇವಾಡಿಗೆ ಬಂದರೆ ನನ್ನ ಹಳೆಯ ಅಂಗಡಿಯವನು ಬಾಗಿಲು ಹಾಕಿದ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಶೇಂಗಾ ತಿನ್ನುತ್ತಿದ್ದ. "ಹಣಮಂತಣ್ಣ, ಎಷ್ಟ ವರ್ಷ ಇಲ್ಲಿ ನೌಕರಿ ಮಾಡ್ದಿ? ಈ ಊರಾಗ ಸೋಮವಾರ ಕುರಿ ಹುಡಕಾಕ ಬಂದೀಯಲ್ಲ!" ಅಂದ. ಬಸವಣ್ಣನ ವಾರವೆಂದು ಅಲ್ಲಿ ಸೋಮವಾರ ಯಾರೂ ಕುರಿ ಕೊಯ್ಯುವುದಿಲ್ಲ ಎಂಬುದೇ ನನ್ನ ತಲೆಯಲ್ಲಿ ಇರಲಿಲ್ಲ. ನಾನೂ ಕಟ್ಟೆಯ ಮೇಲೆ ಕುಳಿತು ಅವನ ಶೇಂಗಾ ಮುಗಿಸಿ ಬಸ್ಸು ಹಿಡಿದೆ.

ಮನೆಗೆ ಬಂದು ಬರಿ ಚೀಲ ಎಸೆದೆ. ಗಂಗವ್ವ ನನ್ನನ್ನು ಹೊರಗೆ ಕರೆದು, ಬಾಗಿಲ ಎದುರಿನ ಬೇವಿನ ಗಿಡ ತೋರಿಸಿದಳು. ಅಲ್ಲಿ ನಮ್ಮ ಓಣಿಯ ಕರಿ ದಿನದ ಟಗರು ಕಟ್ಟಿತ್ತು. ಎಂಟು ಮನೆಯವರು ಕೂಡಿ ಕೊಂಡದ್ದು. ಅದರಲ್ಲಿ ನಮ್ಮದೂ ಒಂದು ಪಾಲು. ದೀಪಾವಳಿಯಿಂದ ತೊಗರಿ ಹೊಟ್ಟು ತಿಂದು, ಸಾಲದ್ದಕ್ಕೆ ನನ್ನ ಕರಿಬೇವಿನ ಗಿಡವನ್ನೂ ಮೇಯ್ದು ಬೆಳೆದಿತ್ತು. ದಿನಾ ಅದಕ್ಕೆ ಬೈದು ಕೆಲಸಕ್ಕೆ ಹೋಗುತ್ತಿದ್ದೆ. ಈಗ ಬಾಯಿ ಬಿಡಿಸಿ ನೋಡಿದೆ: ಎರಡು ಹಲ್ಲು. ತೊಡೆ ಒತ್ತಿದೆ, ಗಟ್ಟಿ ಮಾಂಸ.

"ಹಿತ್ತಲ ಗಿಡ ಮದ್ದಲ್ಲ" ಅಂದಳು ಗಂಗವ್ವ. "ಊರೂರು ತಿರಗಿ ಬಂದ್ರಿ."

ಆದರೆ ಪಾಲಿನ ಟಗರಿನಲ್ಲಿ ಸ್ಟೇಕು ಸಿಗುವುದು ಸುಲಭವಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮಲ್ಲಿ ಪಾಲು ಹಾಕುವಾಗ ಮಾಂಸವನ್ನೆಲ್ಲ ಸಣ್ಣ ತುಂಡು ಮಾಡಿ, ಮನೆಗೊಂದರಂತೆ ಗುಡ್ಡೆ ಹಾಕುತ್ತಾರೆ. ಪ್ರತಿ ಗುಡ್ಡೆಯಲ್ಲೂ ತೊಡೆ, ಪಕ್ಕೆ, ಕಾಳಿಜ ಅಂದರೆ ಲಿವರು, ಎಲ್ಲವೂ ಒಂದಿಷ್ಟು ಇರಬೇಕು. ಆಮೇಲೆ ಒಬ್ಬರು ಗುಡ್ಡೆಗಳಿಗೆ ಬೆನ್ನು ಮಾಡಿ ಕೂಡುತ್ತಾರೆ. ಇನ್ನೊಬ್ಬರು ಒಂದೊಂದೇ ಗುಡ್ಡೆ ಮುಟ್ಟಿ "ಇದು ಯಾರಿಗಿ?" ಎಂದು ಕೇಳುತ್ತಾರೆ. ಬೆನ್ನು ಮಾಡಿದವರು ಹೆಸರು ಹೇಳುತ್ತಾರೆ. ಬಂದದ್ದು ಬಂತು, ಬದಲು ಮಾಡುವಂತಿಲ್ಲ. ಇಡೀ ತೊಡೆ ಒಬ್ಬನಿಗೆ ಕೊಡುವ ಮಾತಂತೂ ಇಲ್ಲವೇ ಇಲ್ಲ.

ನಮ್ಮ ಓಣಿಯ ಪಾಲಿನ ಯಜಮಾನಿ ಪಕ್ಕದ ಮನೆಯ ಸಿದ್ದವ್ವ. ವಯಸ್ಸಾದ ಹೆಂಗಸು, ನ್ಯಾಯದಲ್ಲಿ ಕೂದಲು ಸೀಳುವವಳು. ಹಬ್ಬದ ದಿನ ಎಳ್ಳು ಬೆಲ್ಲ ಕೊಡುವ ನೆಪದಲ್ಲಿ ಹೋಗಿ ಎಲ್ಲ ಹೇಳಿದೆ. ಕಾಳಿಜ ಬೇಡ, ಪಕ್ಕೆ ಬೇಡ, ನನಗೆ ಒಂದು ಹಿಂದಿನ ತೊಡೆ ಇಡಿಯಾಗಿ ಕೊಡಿ ಎಂದು ಬೇಡಿದೆ.

"ಸುನಂದಾ ನನಗೂ ಮಗಳ. ಖರೆ" ಅಂದಳು ಸಿದ್ದವ್ವ. "ಆದ್ರ ತೊಡಿ ಒಬ್ಬರ ಮನಿಗೆ ಹೋದ್ರ ನಾಳಿಂದ ಇದು ಪಾಲಲ್ಲ, ಅಂಗಡಿ ಆಗ್ತೈತಿ. ಆಗೂದಿಲ್ಲ." ಸ್ವಲ್ಪ ಹೊತ್ತು ಎಳ್ಳು ಅಗಿದು ಅವಳೇ ಕೇಳಿದಳು: "ಆ ಬಿಲ್ಲಿ ಅಂದ್ಯಲ್ಲ, ಒಂದ ಟಗರಿನ್ಯಾಗ ಎಷ್ಟ ಬರ್ತಾವ?"

"ಎರಡೂ ಹಿಂದಿನ ಕಾಲು ಸೇರಿದ್ರ ಎಂಟ ಬರಬಹುದು."

"ಹಂಗಾದ್ರ ಗುಡ್ಡಿಗೊಂದು ಬಿಲ್ಲಿ. ನಿನಗ ಒಂದು, ಎಲ್ಲಾರಿಗೂ ಒಂದು. ನ್ಯಾಯಾ ಆತಿಲ್ಲೋ?"

ನ್ಯಾಯವೇನೋ ಆಯಿತು. ಒಂದು ಬಿಲ್ಲೆ ಸುಭೇದಾರರಿಗೆ, ಉಳಿದವರಿಗೆ ಖಾರ ಸಾರು ಎಂದು ಲೆಕ್ಕ ಹಾಕಿ ಕುಣಿಯುತ್ತಾ ಮನೆಗೆ ಬಂದೆ.

ಕರಿ ದಿನ ಬೆಳಕು ಹರಿಯುವ ಮುಂಚೆ, ಓಣಿಗೆ ಕುರಿ ಕೊಯ್ದುಕೊಡುವ ಮುಲ್ಲಾ ಬಂದು ಟಗರು ಕೊಯ್ದರು. ತೊಡೆಗೆ ಕತ್ತಿ ಹಾಕಬೇಡಿ ಎಂದು ನಾನು ಅಡ್ಡ ನಿಂತೆ. ಕತ್ತಿಯ ಏಟಿಗೆ ಎಲುಬು ಚೂರಾಗಿ ಮಾಂಸದಲ್ಲಿ ಸೇರಿಕೊಳ್ಳುತ್ತದೆ. ಹೊಸದಾಗಿ ತಂದಿದ್ದ ಗರಗಸವನ್ನು ಬಿಸಿ ನೀರಲ್ಲಿ ಕುದಿಸಿ ಇಟ್ಟುಕೊಂಡಿದ್ದೆ. ಅದರಲ್ಲಿ ತೊಡೆಯನ್ನು ಅಡ್ಡಲಾಗಿ ಕೊಯ್ಯತೊಡಗಿದಾಗ ಓಣಿಯೆಲ್ಲ ಸುತ್ತ ನೆರೆಯಿತು. "ಮಾಮಾ, ಬಾಗಿಲ ಮಾಡಾಕತ್ತೀರೋ, ಕಿಡಕಿನೋ?" ಅಂದ ಒಬ್ಬ. ಎಂಟು ಬಿಲ್ಲೆ ಬಂದವು. ತೊಡೆಯ ನಡುಭಾಗದ್ದೊಂದು ಅಂಗೈಗಿಂತ ಅಗಲ, ನಟ್ಟನಡುವೆ ಗುಂಡಗೆ ಎಲುಬು, ಅಂಚಿಗೆ ಬಿಳಿ ಕೊಬ್ಬು. ಅದನ್ನು ನೋಡಿ ನನ್ನ ಕಣ್ಣು ತುಂಬಿತು ಅಂದರೆ ನೀವು ನಗಬೇಡಿ. ಮೊಣಕಾಲ ಕಡೆಯದೊಂದು ಮಾತ್ರ ತೀರ ಸಣ್ಣದು, ನರವೇ ಹೆಚ್ಚು.

ಸಿದ್ದವ್ವ ಬೆನ್ನು ಮಾಡಿ ಕುಳಿತಳು. ಮುಲ್ಲಾ ಗುಡ್ಡೆ ಮುಟ್ಟುತ್ತಾ ಹೋದರು. ಆ ನಡುಭಾಗದ ಬಿಲ್ಲೆ ಇದ್ದ ಗುಡ್ಡೆ ಮುಟ್ಟಿದಾಗ ನಾನು ಒಂದು ಹೆಜ್ಜೆ ಮುಂದೆ ಬಂದೆ. ಆಕೆ, "ಅದು ನನಗ" ಅಂದಳು. ಕೊನೆಗೆ ಉಳಿದದ್ದು ಮೊಣಕಾಲ ಕಡೆಯ ಬಿಲ್ಲೆಯ ಗುಡ್ಡೆ. ಉಳಿದ ಹೆಸರು ಹಣಮಂತ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಬದಲು ಮಾಡಿಕೊಡು ಎಂದು ಸಿದ್ದವ್ವನನ್ನು ಕೇಳಲು ಬಾಯಿ ತೆರೆದೆ, ಅವಳ ಮುಖ ನೋಡಿ ಮುಚ್ಚಿದೆ. ಮನೆಗೆ ಬಂದು ನರ ಬಿಡಿಸಿದೆ, ಪಪ್ಪಾಯಿ ಕಾಯಿ ಅರೆದು ಹಚ್ಚಿದೆ, ಒದ್ದೆ ಅರಿವೆ ಸುತ್ತಿದೆ. ಸುನಂದಾ ಬಂದು ನೋಡಿ, "ಇದಽ ಏನಪ್ಪಾ?" ಅಂದಳು. ಹೌದು ಅಂದೆ. ಅವಳು ನನ್ನ ಹೆಗಲ ಮೇಲೆ ಕೈ ಇಟ್ಟು, "ಇರಲಿ ಬಿಡು, ನೀ ಮಾಡಿದ್ದು ನನಗ ಸಾಕು" ಅಂದಳು. ಆ ಮಾತಿಗೆ ನನಗೆ ಇನ್ನೂ ಸಂಕಟವಾಯಿತು.

ಮಧ್ಯಾಹ್ನ ಹೊರಳುವ ಹೊತ್ತಿಗೆ ಒಂದು ಸೋಜಿಗ ಆಯಿತು. ಎದುರು ಮನೆಯವಳು ತಾಟಿನಲ್ಲಿ ತನ್ನ ಬಿಲ್ಲೆ ಹಿಡಿದು ಬಂದಳು. "ಯಣ್ಣಾ, ಇದನ್ನ ಏನ ಮಾಡೂದು? ಗಡಿಗ್ಯಾಗ ಹಿಡಿಯಾಂಗಿಲ್ಲ. ಕಡೀಬೇಕಂದ್ರ ಎಲುಬು ಕಡಿಯಾಂಗಿಲ್ಲ. ನೀನಽ ಸುಟ್ಟ ಕೊಡು" ಅಂದಳು. ಅವಳ ಹಿಂದೆ ಇನ್ನೊಬ್ಬಳು. ಅವಳ ಹಿಂದೆ ಮತ್ತೊಬ್ಬ. ಬಿಲ್ಲೆ ಕೊಯ್ಯುವುದನ್ನು ನಾನು ಎಲ್ಲರಿಗೂ ತೋರಿಸಿದ್ದೆ, ಬೇಯಿಸುವುದು ಒಬ್ಬರಿಗೂ ಗೊತ್ತಿರಲಿಲ್ಲ. ಸಂಜೆಗೆ ಎಂಟೂ ಬಿಲ್ಲೆ ನನ್ನ ಅಡುಗೆ ಮನೆಯಲ್ಲಿ ಸಾಲಾಗಿ ಮಲಗಿದ್ದವು. ಯಾರದು ಯಾವುದೆಂದು ಗುರುತಿಗೆ ಗಂಗವ್ವ ಒಂದಕ್ಕೆ ಬೆಳ್ಳುಳ್ಳಿ, ಒಂದಕ್ಕೆ ಲವಂಗ, ಒಂದಕ್ಕೆ ಒಣ ಮೆಣಸಿನಕಾಯಿ ಚುಚ್ಚಿ ಇಟ್ಟಳು.

ಸುಭೇದಾರರು ಹೇಳಿದ ಹೊತ್ತಿಗೆ ಬಂದರು. ಪ್ರಕಾಶ ಹಿಂದೆ. ಮನೆ ತುಂಬಾ ಎಂಟು ಮನೆಯ ಜನ ತಮ್ಮ ತಮ್ಮ ತಾಟು ಹಿಡಿದು ಕುಳಿತದ್ದನ್ನು ನೋಡಿ ಬಾಗಿಲಲ್ಲೇ ನಿಂತರು. "ನಾ ಒಬ್ಬಾವ ಬರ್ತೇನಿ ಅಂದಿದ್ದೆ" ಅಂದರು. ಅವರು ಬೂಟು ಬಿಚ್ಚಿ ನೇರ ಅಡುಗೆ ಮನೆಗೇ ಬಂದು, ಕೈ ಹಿಂದೆ ಕಟ್ಟಿ ನನ್ನ ಪಕ್ಕ ನಿಂತರು.

ಹಂಚು ಹೊಗೆಯಾಡುವವರೆಗೆ ಕಾಯಿಸಿದೆ. ಉಪ್ಪು, ಕರಿಮೆಣಸು, ಒಂದು ಹನಿ ಎಣ್ಣೆ. ಬಿಲ್ಲೆ ಬಿದ್ದ ಕೂಡಲೇ ಚುರ್ ಅಂತು. ಸುಭೇದಾರರ ಮೂಗು ಅರಳಿತು. ಒಮ್ಮೆ ಮಾತ್ರ ಮಗುಚಬೇಕು, ಒತ್ತಬಾರದು. ನಾನು ಒಮ್ಮೆ ಮಾತ್ರ ಮಗುಚಿದೆ. ಇಳಿಸಿದ್ದನ್ನು ತಕ್ಷಣ ಬಡಿಸದೆ ಮುಚ್ಚಿಟ್ಟೆ, ರಸ ಒಳಗೆ ಕೂಡಲಿ ಎಂದು. "ಹೂಂ" ಅಂದರು ಅವರು. ಅದು ಮದುವೆಗೆ ಅಂದ ಹೂಂ ಅಲ್ಲ ಅನ್ನುವುದು ನನಗೂ ಗೊತ್ತಿತ್ತು.

ಎಲ್ಲರೂ ಸಾಲಾಗಿ ಕುಳಿತರು. ನಾನು ನನ್ನ ಪಾಲಿನ ಆ ಸಣ್ಣ ಬಿಲ್ಲೆಯನ್ನು ಸುಭೇದಾರರ ತಾಟಿಗೆ ಹಾಕಲು ಬಗ್ಗಿದೆ. ಸಿದ್ದವ್ವ ನನ್ನ ಕೈ ಹಿಡಿದಳು. "ಅದು ನಿನ್ನ ಪಾಲು, ನಿನ್ನ ತಾಟಿಗೆ ಹಾಕ್ಕೋ" ಎಂದು ತನ್ನ ತಾಟಿನ ಅಗಲದ ಬಿಲ್ಲೆಯನ್ನು, ನಡುವೆ ಗುಂಡೆಲುಬಿನದನ್ನು, ಅವರ ತಾಟಿಗೆ ಇಟ್ಟಳು.

ಕಸುಬುದಾರ ಮನುಷ್ಯ, ನೋಡಿದ ಕೂಡಲೇ ತಿಳಿಯಿತು. ನನ್ನ ತಾಟಿನ ತುಂಡು ನೋಡಿದರು, ತಮ್ಮದು ನೋಡಿದರು. "ಇದು ಯಾರ ಪಾಲು?" ಎಂದು ಕೇಳಿದರು. ಸುನಂದಾ ಮೊದಲಿನಿಂದ ಕಥೆಯನ್ನೆಲ್ಲ ಒಂದೂ ಬಿಡದೆ ಹೇಳಿದಳು: ಇಂಡಿಯ ಮುದುಕಿ, ಸಿಂದಗಿಯ ನೀರು ಟಗರು, ಬಾಗೇವಾಡಿಯ ಸೋಮವಾರ, ಗುಡ್ಡೆ, ಬೆನ್ನು, ನನ್ನ ಮೊಣಕಾಲು. ಓಣಿಯವರು ನಕ್ಕೂ ನಕ್ಕೂ ಸುಸ್ತಾದರು. ಸುಭೇದಾರರು ಮಾತ್ರ ನಗಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡರು.

"ಪಾಲಿಂದು ನಾ ಹೆಂಗ ತಿನ್ನಲಿ, ತಾಯಿ? ನಾ ಪಾಲಿನಾಂವ ಅಲ್ಲ" ಅಂದರು.

"ಹೌದು, ಹೊರಗಿನವರು ತಿನ್ನಾಂಗಿಲ್ಲ" ಅಂದಳು ಸಿದ್ದವ್ವ. "ಬೀಗರಾದ್ರ ತಿನ್ನಬಹುದು. ಬೀಗರಲ್ಲ ಅಂದ್ರ ತಾಟ ಈ ಕಡೆ ಕೊಡ್ರಿ, ಆರಾಕತ್ತೈತಿ."

ಪ್ರಕಾಶ ನೆಲ ನೋಡುತ್ತಿದ್ದ. ಸುನಂದಾ ಕೈಯಲ್ಲಿದ್ದ ನೀರಿನ ತಂಬಿಗೆಯನ್ನು ಎದೆಗೆ ಒತ್ತಿ ಹಿಡಿದಿದ್ದಳು. ಸುಭೇದಾರರು ತಾಟು ನೋಡಿದರು, ಮಗನನ್ನು ನೋಡಿದರು. ಆಮೇಲೆ ಬಿಲ್ಲೆಯ ಅಂಚಿನಿಂದ ಒಂದು ತುಂಡು ಮುರಿದುಕೊಂಡು ಬಾಯಿಗೆ ಹಾಕಿಕೊಂಡರು. ನಿಧಾನಕ್ಕೆ ಅಗಿದರು. ನುಂಗಿದರು. ನನ್ನ ಕಡೆ ತಿರುಗಿ, ಮಿಲಿಟರಿ ದನಿಯಲ್ಲೇ ಹೇಳಿದರು:

"ಉಪ್ಪು ಒಂಚೂರು ಕಡಿಮಿ ಆಗೇತ್ರಿ, ಬೀಗರ."